ಶೃಂಗಬಿಂದುವಿಗೆ ಒಂಬತ್ತು ಮನೆ ಮೇಲೇರಲು ಬಿನ್ನಹ

ಪೆಟಾಲಿಂಗ್ ಜಯಾ,
ಜುಲೈ ೧೯೯೮

ಪರವಲಯದ ಶೃಂಗಬಿಂದು ಅವರಿಗೆ,
ಮೈನಸ್ ಮೂರು, ಮೈನಸ್ ನಾಲ್ಕು,
ಗ್ರಾಫ್ ಹಾಳೆಯ ಎಡ ಕೆಳಮೂಲೆ.

ಮಾನ್ಯರೇ,

ತಮ್ಮ ಪಾದಾರವಿಂದಗಳಿಗೆ, ತಾವು ಬರೀ ಒಂದು ಚುಕ್ಕಿಯಾದ್ದರಿಂದ ಆ ಚುಕ್ಕಿಗೇ, ಸಾಷ್ಟಾಂಗ ನಮಸ್ಕರಿಸಿ, ‘ವಿತ್ ಡ್ಯೂ ರೆಸ್ಪೆಕ್ಟ್ ಆಂಡ್ ಹಂಬಲ್ ಸಬ್‌ಮಿಷನ್’, ಇದರ ಮುಂದಿನದನ್ನು ಕಾಲೇಜಿನಲ್ಲೇ ಬಿಟ್ಟುಬಂದಿದ್ದೇನೆ, ಅರಿಕೆ ಮಾಡಿಕೊಳ್ಳುವುದೇನೆಂದರೆ:

ನನ್ನ ಮೊಮ್ಮಗಳು ಅನನ್ಯ ಇಲ್ಲಿ ಫಾರ್ಮ್ ಫೋರ್, ಅಂದರೆ ನಮ್ಮ ಹತ್ತನೇ ಕ್ಲಾಸು, ಓದುತ್ತಾಳೆ. ಪುಸ್ತಕ ಮಲಯ್ ಭಾಷೆಯಲ್ಲಿ, ಅವಳ ಉತ್ತರ ಇಂಗ್ಲಿಷಿನಲ್ಲಿ, ನನ್ನ ಪಾಠ ಕನ್ನಡದಲ್ಲಿ. ಸಂಜೆ ಕಾಫಿಯ ನಂತರದ ಆ ಒಂದು ಗಂಟೆ ಬಿಟ್ಟರೆ ಈ ಫ್ಲ್ಯಾಟಿನಲ್ಲಿ ನನ್ನ ಜೊತೆ ಮಾತಾಡುವುದು ಟೀವಿ ಮಾತ್ರ.

ಹೋದ ವಾರ ಲೆಕ್ಕ ಬಂತು: ಎಕ್ಸ್ ವರ್ಗ, ಪ್ಲಸ್ ಆರು ಎಕ್ಸ್, ಪ್ಲಸ್ ಐದು. ವರ್ಗ ಪೂರ್ಣಗೊಳಿಸಿ ತಮ್ಮ ವಿಳಾಸ ಹುಡುಕಬೇಕು. ಆರರ ಅರ್ಧ ಮೂರು, ಮೂರರ ವರ್ಗ ಒಂಬತ್ತು, ಸಂತೋಷವಾಗಿ ಕೊಟ್ಟೆವು. ಎಕ್ಸ್ ಪ್ಲಸ್ ಮೂರರ ವರ್ಗ ಮುದ್ದಾಗಿ ಕೂತಿತು. ಕೂಡಲೇ ಅದೇ ಒಂಬತ್ತನ್ನು ವಾಪಸು ಕಿತ್ತುಕೊಳ್ಳಬೇಕಂತೆ! ಸ್ವಾಮಿ, ನನ್ನಾಕೆ ಬದುಕಿದ್ದಾಗ ಪಕ್ಕದ ತಮಿಳರ ಮನೆಯಿಂದ ಬಂದ ಡಬ್ಬಿಯನ್ನು ಎಂದೂ ಖಾಲಿ ಹಿಂದಿರುಗಿಸಿದವಳಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದಳು. ಅಂಥ ಮನೆಯಲ್ಲಿ, ಕೊಟ್ಟ ಸಾಲಿನಲ್ಲೇ ಕಿತ್ತುಕೊಳ್ಳುವುದೇ? ‘ಬಿಡು ಪುಟ್ಟಿ, ಕೊಟ್ಟದ್ದು ಕೊಟ್ಟಾಯ್ತು’ ಎಂದೆ. ಹೀಗಾಗಿ ನಮ್ಮ ಲೆಕ್ಕದಲ್ಲಿ ತಾವು ಮೈನಸ್ ನಾಲ್ಕರ ಬದಲು ಮೇಲೆ ಐದರಲ್ಲಿ ದೊಡ್ಡ ಮನುಷ್ಯರಂತೆ ಕೂತಿರಿ. ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ ಬಂತು.

‘ಅಪ್ಪಾ, ಸಾಕು. ಶುಕ್ರವಾರದ ಟೆಸ್ಟೂ ಹೋದ್ರೆ ಟ್ಯೂಷನ್‌ಗೆ ಹಾಕ್ತೀನಿ’ ಎಂದಿದ್ದಾನೆ ಮಗ ತ್ರಿವಿಕ್ರಮ. ಟ್ಯೂಷನ್ ಇರುವುದೂ ನಮ್ಮ ಆ ಗಂಟೆಗೇ.

ಇಡೀ ರೇಖೆ ಎರಡೂ ಕೈ ಎತ್ತಿಕೊಂಡು ಆಕಾಶಕ್ಕೆ ಹೊರಟಿರುವಾಗ ತಾವೊಬ್ಬರೇ ತಳದಲ್ಲಿ ಕುಳಿತು ಶೃಂಗವೆಂಬ ಬಿರುದನ್ನೂ ಹೊತ್ತಿದ್ದೀರಿ. ಇಂಥ ವಿನಯ ಯಾವ ಕಚೇರಿಯ ಮೇಲಧಿಕಾರಿಯಲ್ಲೂ ನಾನು ಕಂಡಿಲ್ಲ. ಆದಕಾರಣ ಶುಕ್ರವಾರ ಒಂದು ದಿನದ ಮಟ್ಟಿಗೆ ಒಂಬತ್ತು ಮನೆ ಮೇಲೇರಿ ಐದರಲ್ಲಿ ಬಿಡಾರ ಹೂಡಬೇಕು. ಬರುವಾಗ ರೇಖೆಯನ್ನೂ ಎಳೆದು ತನ್ನಿ. ಎಕ್ಸ್ ಅಕ್ಷಕ್ಕೆ ಮಾತ್ರ ಹೇಳಿ ಬನ್ನಿ, ಎರಡು ಕಡೆ ಸಂಬಂಧ ಬೆಳೆಸಿದ್ದೀರಿ, ಬೇಸರ ಮಾಡಿಕೊಂಡೀತು. ಕೈಂಡ್ಲಿ ಡು ದಿ ನೀಡ್‌ಫುಲ್.

ತಮ್ಮ ವಿಶ್ವಾಸಿ,
ಅನಂತಪದ್ಮನಾಭ,
ಹಳೆಯ ಇಂಟರ್‌ಮೀಡಿಯೆಟ್, ಗಣಿತದಲ್ಲಿ ಸೆಕೆಂಡ್ ಕ್ಲಾಸ್

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಶುಕ್ರವಾರವೇ ಕಳೆಯಿತು. ‘ತಾತಾ, ಮಸ್ಟ್ ಮೈನಸ್ ಬ್ಯಾಕ್ ಲಾ! ಇಫ್ ನಾಟ್, ಡಿಫರೆಂಟ್ ಕರ್ವ್ ಆಲ್ರೆಡಿ!’ ಎಂದು ಈ ಊರಿನ ‘ಲಾ’ ಸೇರಿಸಿದ ಇಂಗ್ಲಿಷಿನಲ್ಲಿ ನನಗೆ ತಿಳಿಹೇಳುತ್ತಲೇ ತಾನು ಕಲಿತು ಅನನ್ಯ ಪಾಸಾದಳು. ನನಗೆ ಹೇಳಿಕೊಟ್ಟರೇ ತನ್ನ ತಲೆಗೆ ಹತ್ತುತ್ತದೆಂದು ಅಪ್ಪನನ್ನು ಒಪ್ಪಿಸಿ, ಈಗ ದಿನಾ ಅದೇ ಗಂಟೆಗೆ ನನಗೆ ಮೇಷ್ಟ್ರಾಗಿದ್ದಾಳೆ. ಆದ್ದರಿಂದ ತಾವು ಅಲ್ಲೇ ಬಿದ್ದಿರಬಹುದು. ಅವಳು ಶಾಲೆ ಮುಗಿಸುವ ತನಕ ತಮ್ಮನ್ನು ಅರ್ಥ ಮಾಡಿಕೊಳ್ಳಬಾರದೆಂದು ನಿಶ್ಚಯಿಸಿದ್ದೇನೆ.