ಕೆಂಪು ಚುಕ್ಕಿಗೆ ಅಂಟಿಸಿದ ಚೀಟಿ

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಉರಿಯುವ ಕೆಂಪು ಚುಕ್ಕಿಯನ್ನು ಚೀಟಿ ಅಂಟಿಸಿ ಮುಚ್ಚಿಬಿಟ್ಟರೆ ಅದು ಇಲ್ಲದಂತೆಯೇ ಎಂದು ಕ್ಯಾಮೆರಾ ಅಣ್ಣ ಹನ್ನೊಂದು ದಿನ ನಂಬಿಕೊಂಡಿದ್ದ.

ಐದು ಮಹಡಿಯ ಆ ವಸತಿ ಕಟ್ಟಡದ ಹದಿನಾರು ಕ್ಯಾಮೆರಾಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಇಸ್ಪೀಟಿನ ಆಟ ತೆವಳುತ್ತದೆಂದು, ಕಂಪ್ಯೂಟರಿನ ಹಿನ್ನೆಲೆಯಲ್ಲಿ ತಮ್ಮಷ್ಟಕ್ಕೆ ಓಡುತ್ತಿದ್ದ ‘ಸೇವೆ’ಗಳೆಂಬ ಪುಟ್ಟ ಪ್ರೋಗ್ರಾಮುಗಳಲ್ಲಿ ಒಂದನ್ನು ನಿಲ್ಲಿಸಿದ್ದ. ಆಟವೇನೋ ಕುದುರೆಯಾಯಿತು, ಹಸಿರು ಚುಕ್ಕಿ ಕೆಂಪಾಯಿತು. ಮತ್ತೆ ಚಾಲೂ ಮಾಡಹೋದರೆ ಅದು ಮುನಿಸಿಕೊಂಡು ಮಲಗಿದ ಮಗುವಿನಂತೆ ಏಳಲೊಲ್ಲದು. ರೆಕಾರ್ಡಿಂಗೇ ನಿಂತುಹೋಯಿತೆಂದು ಅವನು ತಿಳಿದ. ಹೇಳಿದರೆ ಕೆಲಸ ಹೋಗುತ್ತದೆ. ಚೀಟಿ ಅಂಟಿಸಿದ.

ಹನ್ನೆರಡನೆಯ ದಿನ ಬೆಳಿಗ್ಗೆ ಸಂಘದ ಅಧ್ಯಕ್ಷೆ, ಇಡೀ ಕಟ್ಟಡಕ್ಕೇ ಅಕ್ಕ, ಕೈಯಲ್ಲಿ ಕುಂಡದ ಚೂರು ಹಿಡಿದು ಕ್ಯಾಮೆರಾ ಕೋಣೆಯೊಳಗೆ ನುಗ್ಗಿದರು.

“ಏಳು ವರ್ಷ ಸಾಕಿದ ಕಳ್ಳಿ ಕಣಯ್ಯಾ! ಈಗಷ್ಟೇ ಮೊಗ್ಗು ಬಿಟ್ಟಿತ್ತು! ಗೇಟಿನ ಹತ್ರ ಯಾರೋ ಒಡೆದು ಹಾಕಿದ್ದಾರೆ. ನಾಲ್ಕು ಗಂಟೆಗೆ ಟೆಕ್ನೀಷಿಯನ್ನ ಕರೆಸಿದ್ದೀನಿ, ರೆಕಾರ್ಡಿಂಗ್ ತೆಗೆಸ್ತೀನಿ. ಅದೇನಾದ್ರೂ ಇಲ್ದೇ ಹೋದ್ರೆ, ನಾಳೆಯಿಂದ ನೀನೂ ಇಲ್ಲ!”

ಒಡೆದವರು ನಾಲ್ಕರೊಳಗೆ ಸಿಕ್ಕಿಬಿಟ್ಟರೆ ರೆಕಾರ್ಡಿಂಗಿನ ಗೊಡವೆಯೇ ಇರದಲ್ಲ! ಕ್ಯಾಮೆರಾ ಅಣ್ಣ ಲಿಫ್ಟಿನ ಮುಂದೆ ನಿಂತು ಗಂಟಲು ಬಿಚ್ಚಿದ.

“ಎಲ್ಲಾ ರೆಕಾರ್ಡ್ ಆಗಿದೆ! ಒಡೆದೋರು ತಾವಾಗೇ ಬಂದು ಒಪ್ಕೊಂಡ್ರೆ ಮರ್ಯಾದೆ. ಇಲ್ಲಾಂದ್ರೆ ಒಂದು ತಿಂಗಳು ತಾರಸಿ ಕುಂಡಗಳಿಗೆಲ್ಲ ನೀರು ಹೊರಬೇಕು!”

“ಭಲೇ! ಒಳ್ಳೇ ಶಿಕ್ಷೆ. ನೂರಿಪ್ಪತ್ತು ಕುಂಡ,” ಎಂದು ಅಕ್ಕ ಅಲ್ಲೇ ಸೂಚನಾ ಫಲಕದ ಮೇಲೆ ಬರೆದೂಬಿಟ್ಟರು.

ಸ್ವಲ್ಪ ಹೊತ್ತಿಗೆ ಮೂರನೇ ಮಹಡಿಯ ಸಂಗೀತದ ಮೇಡಂ ಬಾಗಿಲಲ್ಲಿ ಇಣುಕಿದರು. “ತಮ್ಮಾ, ಪಕ್ಕದ ಮನೆ ಪೇಪರ್ ತಗೊಳ್ಳೋದು ನಾನೇ ಕಣಪ್ಪಾ. ಪದಬಂಧ ಒಂದು ಬಿಡಿಸಿ ವಾಪಸ್ ಇಟ್ಬಿಡ್ತೀನಿ.”

“ಕುಂಡ?”

“ಯಾವ ಕುಂಡ?”

ಆಮೇಲೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಫಲಕದಲ್ಲಿದ್ದ ಅಕ್ಕನ ಫೋಟೋಗೆ ಮೀಸೆ ಬರೆದದ್ದು ಅವರಂತೆ. “ಕೈ ಸುಮ್ನಿರಲ್ಲ ಕಣೋ,” ಎಂದು ಕೈಯನ್ನೇ ಬೈದುಕೊಂಡು ಹೋದರು.

ಕೊನೆಗೆ ಅಕ್ಕನ ಗಂಡ, ಎಲ್ಲರ ಭಾವ, ಬೆಕ್ಕಿನ ಹೆಜ್ಜೆಯಲ್ಲಿ ಬಂದರು. “ತಾರಸೀಲಿ ನಾನು ಸಿಗರೇಟು ಸೇದಿದ್ದು... ನಿಮ್ಮಕ್ಕಂಗೆ ಗೊತ್ತಾದ್ರೆ ತಾರಸೀಲೇ ಮಲಗ್ಬೇಕಾಗುತ್ತೆ. ಅಳಿಸಿಬಿಡೋ.”

“ಅಳಿಸ್ದೆ ಭಾವಾ,” ಎಂದು ಕ್ಯಾಮೆರಾ ಅಣ್ಣ ಇಲ್ಲದ್ದನ್ನು ಉದಾರವಾಗಿ ಅಳಿಸಿದ.

ಕುಂಡದವರು ಮಾತ್ರ ಬರಲೇ ಇಲ್ಲ. ಟೆಕ್ನೀಷಿಯನ್ ನಾಲ್ಕಕ್ಕೆ ಸರಿಯಾಗಿ ಬಂದ. ಹಿಂದೆಯೇ ಅಕ್ಕ, ಅವರ ಹಿಂದೆ ಅರ್ಧ ಕಟ್ಟಡ.

“ಈ ಚೀಟಿ ಯಾಕಣ್ಣಾ?” ಟೆಕ್ನೀಷಿಯನ್ ಕೇಳಿದ.

“ಧೂಳು... ಧೂಳು ಕೂರ್ಬಾರದು ಅಂತ.”

ಅವನು ಚೀಟಿ ಕಿತ್ತ, ನಾಲ್ಕು ಬಾರಿ ಮೌಸ್ ಒತ್ತಿದ, ನಕ್ಕುಬಿಟ್ಟ. “ನೀವು ನಿಲ್ಲಿಸಿರೋದು ರೆಕಾರ್ಡಿಂಗ್ ಅಲ್ಲ ಕಣಣ್ಣಾ. ಮಿಕ್ಕಿದ್ದೆಲ್ಲ ಆರೋಗ್ಯವಾಗಿದೆಯಾ ಅಂತ ಸುದ್ದಿ ಹೇಳೋ ಸೇವೆ. ಸುದ್ದಿ ಹೇಳೋನು ಮಲಗಿದ್ದ, ಕೆಲಸ ಮಾಡೋರು ಮಾಡ್ತಾನೇ ಇದ್ರು. ಹನ್ನೊಂದು ದಿನದ್ದೂ, ಇವತ್ತಿಂದೂ ಇದೆ!”

ಹೋದ ಜೀವ ಮರಳಿತು. ಕ್ಯಾಮೆರಾ ಅಣ್ಣ ತಾನೇ ಕುರ್ಚಿ ಎಳೆದು ಕೊಟ್ಟ. “ಕೂತ್ಕೊಳ್ಳಿ ಅಕ್ಕಾ, ಯಾರು ಅಂತ ನೋಡೇಬಿಡೋಣ!” ಭಾವನ ಮುಖ ಬಿಳುಚಿದ್ದನ್ನು ಯಾರೂ ಗಮನಿಸಲಿಲ್ಲ.

ಪರದೆಯ ಮೇಲೆ ಅಂದು ಬೆಳಿಗ್ಗೆ ಏಳು ಹತ್ತು. ಗೇಟು. ಮೊಗ್ಗು ಹೊತ್ತ ಕಳ್ಳಿ. ಒಂದು ಸೈಕಲ್ ಒಳಬಂತು. ಹ್ಯಾಂಡಲಿಗೆ ತೂಗುಹಾಕಿದ್ದ ಊಟದ ಚೀಲ ಗಡಿಯಾರದ ಲೋಲಕದಂತೆ ಓಲಾಡಿ ಕುಂಡಕ್ಕೆ ಬಡಿಯಿತು. ಕುಂಡ ಉರುಳಿತು. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಸವಾರ ಹಾಡಿಗೆ ತಲೆದೂಗುತ್ತ ಮುಂದೆ ಹೋದ. ಚೀಲದ ಮೇಲೊಂದು ಹಳದಿ ಬಾತುಕೋಳಿಯ ಚಿತ್ರ.

ಎಲ್ಲರ ಕಣ್ಣುಗಳೂ ಕ್ಯಾಮೆರಾ ಅಣ್ಣ ತನ್ನ ಚೀಲ ತೂಗುಹಾಕುವ ಗೋಡೆಯ ಮೊಳೆಯತ್ತ ತಿರುಗಿದವು. ಅಲ್ಲಿ ಅದೇ ಬಾತುಕೋಳಿ ನೇತಾಡುತ್ತಿತ್ತು.

“ನೂರಿಪ್ಪತ್ತು ಕುಂಡ,” ಎಂದರು ಅಕ್ಕ, ಮೆಲ್ಲಗೆ.

ಮರುದಿನ ಕ್ಯಾಮೆರಾ ಅಣ್ಣ ಎಂಬತ್ತೇಳನೇ ಕುಂಡಕ್ಕೆ ನೀರು ಸುರಿಯುವಾಗ ಭಾವ ಏದುಸಿರು ಬಿಡುತ್ತ ತಾರಸಿ ಹತ್ತಿ ಬಂದರು. ಅವನು ನೀರು ಹೊರುವಷ್ಟು ಹೊತ್ತು ಕ್ಯಾಮೆರಾ ಕೋಣೆಯಲ್ಲಿ ಕೂರುವಂತೆ ಅವರಿಗೆ ಅಕ್ಕನ ಅಪ್ಪಣೆಯಾಗಿತ್ತು.

“ತಮ್ಮಾ,” ಎಂದು ಕಿವಿಯ ಹತ್ತಿರ ಬಗ್ಗಿದರು. “ಇಸ್ಪೀಟು ತುಂಬಾ ತೆವಳುತ್ತೆ ಕಣೋ. ನೀನು ಅವತ್ತು ನಿಲ್ಲಿಸಿದ್ಯಲ್ಲ, ಅದು ಯಾವ್ದು? ಚೀಟಿ ನಾನೇ ತಂದಿದ್ದೀನಿ.”