ದಿ|| ವಾರೀಜಾ ಅವರ ಕ್ಯಾಲೆಂಡರು

ಮೌನೇಶಾಚಾರಿ ಯಂತ್ರದ ಮುಂದೆ ಈಡುಗಾಯಿ ಒಡೆದ ರಭಸಕ್ಕೆ ಅರ್ಧ ಹೋಳು ಹಾರಿ, ಸ್ಟುಡಿಯೋದ ಬಿಳಿ ಕೊಡೆಯನ್ನು ತೂತು ಮಾಡಿಕೊಂಡು ಆಚೆ ಬಿತ್ತು.

"ಶುಭಶಕುನ!" ಎಂದರು ಆಚಾರಿ.

"ಲೈಟಿನ ಕೊಡೆ ಹೋಯ್ತು ಮಾವ," ಎಂದಳು ವಾರಿಜಾ.

"ಹೋಗ್ಲಿ ಬಿಡೆ! ಇನ್ಮೇಲೆ ಕೊಡೆ ಯಾಕೆ, ಲೈಟ್ ಯಾಕೆ? ಇವನೊಬ್ಬ ಸಾಕು. ರೂಪರಾಜ!"

ರೂಪರಾಜನಿಗೆ ಹಳೇ ಫ್ರಿಜ್ಜಿನ ಮೈ, ಜೆರಾಕ್ಸ್ ಮಷೀನಿನ ಹೊಟ್ಟೆ, ನೆತ್ತಿಯ ಮೇಲೆ ಆಚಾರಿಯೇ ಹಲಸಿನ ಮರದಲ್ಲಿ ಕೆತ್ತಿದ ಸಿಂಹದ ಮುಖ. ಎಂಥ ಫೋಟೋ ಕೊಟ್ಟರೂ ತಾನೇ ತಿದ್ದಿ, ತೀಡಿ, ಬಾಯಿಂದ ಹೊರಗೆ ಹಾಕುತ್ತಾನಂತೆ. ಇದಕ್ಕೆ ಮೊದಲು ಆಚಾರಿ ಅಳುವ ಮಕ್ಕಳನ್ನು ನಗಿಸುವ ಕುರ್ಚಿ ಮಾಡಿದ್ದರು. ಮಗು ಕೂತ ಕೂಡಲೇ ಕುರ್ಚಿಯೇ ಅಳುತ್ತಿತ್ತು.

ತಿಪಟೂರಿನ ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಮೌನೇಶ್ ಸ್ಟುಡಿಯೋ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿ ಫೋಟೋ ತೆಗೆಯುವವಳು ಆಚಾರಿಯ ಅಕ್ಕನ ಮಗಳು ವಾರಿಜಾ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಅಮ್ಮ ತೀರಿಕೊಂಡ ವರ್ಷ ಶಾಲೆ ಬಿಟ್ಟು ಕಸ ಗುಡಿಸಲು ಬಂದವಳು, ನೋಡಿ ನೋಡಿಯೇ ಕ್ಯಾಮೆರಾ ಕಲಿತಳು. ಕಂಟ್ರಾಕ್ಟರನ ಎರಡನೇ ಗದ್ದವನ್ನು ನೆರಳಿಗೆ ಸರಿಸುವುದು, ಓರೆಗಣ್ಣಿನ ಹುಡುಗಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೂ ಬಂದವರೆಲ್ಲ ಅವಳ ತಲೆಯ ಮೇಲಿಂದ ಒಳಗೆ ಇಣುಕಿ, "ಆಚಾರ್ರು ಇಲ್ವಾ?" ಎನ್ನುತ್ತಿದ್ದರು. ಅವಳು ಕ್ಯಾಮೆರಾದ ಹಿಂದೆ ಮುಖ ಇಡುತ್ತಿದ್ದಳು. ಹಾಗಾಗಿ ಅವಳ ಮುಖವನ್ನು ನೆಟ್ಟಗೆ ನೋಡಿದವರೇ ಊರಲ್ಲಿ ಕಡಿಮೆ.

ಈ ವರ್ಷ ಮಾತ್ರ ಒಂದು ಆಸೆ ಚಿಗುರಿತ್ತು. ನೀಳಜಡೆ ಕೊಬ್ಬರಿ ಎಣ್ಣೆಯ ಸಾಹುಕಾರ ಮರುಳಪ್ಪನವರ ಕ್ಯಾಲೆಂಡರಿಗೆ, ತಿಂಗಳಿಗೊಬ್ಬಳಂತೆ ಊರಿನದೇ ಹೆಂಗಸರ ಫೋಟೋ ಬೇಕಿತ್ತು. ಸಾಹುಕಾರರ ಮುಂದೆ ವಾರಿಜಾಳ ನಾಲಿಗೆ ಏಳದು. ಮಾವನ ಬಾಯಲ್ಲೇ ಕೇಳಿಸಿದ್ದಳು. ಪುಟದ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ತೆಗೆದವಳ ಹೆಸರು ಹಾಕಲು ಅವರು ಒಪ್ಪಿದ್ದರು. ಅಷ್ಟಕ್ಕೇ ಅವಳು ಕಾಯಿ ಸುಲಿಯುವ ಹೊನ್ನಮ್ಮನಿಂದ ಹಿಡಿದು ಬಸ್ಸಿನ ಕಂಡಕ್ಟರಮ್ಮನವರೆಗೆ ಒಬ್ಬೊಬ್ಬರ ಹಿಂದೆ ಅಲೆದು, ಅವರು ತಮ್ಮನ್ನು ತಾವು ಮರೆತ ಗಳಿಗೆ ಕಾದು ತೆಗೆದಿದ್ದಳು. ಕ್ಯಾಮೆರಾದೊಳಗೆ ತನ್ನ ಹೆಸರನ್ನೂ ತುಂಬಿಸಿಟ್ಟಿದ್ದಳು, ಪ್ರತಿ ಫೋಟೋಕ್ಕೂ ಒಳಗೊಳಗೇ ಅಂಟಿಕೊಳ್ಳಲಿ ಎಂದು. ಕ್ಯಾಮೆರಾಕ್ಕೆ ಕನ್ನಡ ಬಾರದು; ಇಂಗ್ಲಿಷಿನಲ್ಲೇ ತಡವರಿಸಿ ಬರೆದಿದ್ದಳು.

"ಮೊದಲ ಗಿರಾಕಿ ಬನ್ನಿ!" ಎಂದು ಆಚಾರಿ ಕೂಗಿದರು.

ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬಂದಿದ್ದ ವಿಮಾ ಏಜೆಂಟ್ ನಂಜುಂಡಸ್ವಾಮಿಯ ಚಿತ್ರ ಒಳಗೆ ಹೋಯಿತು. ಗರ್ ಗರ್ ಸದ್ದು. "ಚೆಂದ ಆಯ್ತು!" ಎಂದು ಸಿಂಹದ ಮುಖ ಘರ್ಜಿಸಿತು. ಹೊರಬಂದ ನಂಜುಂಡಸ್ವಾಮಿಗೆ ಸುಕ್ಕಿಲ್ಲ, ನರೆಯಿಲ್ಲ. ಹಣೆ ತುಂಬ ಕುಂಕುಮ, ಎದೆ ತುಂಬ ಗಂಧದ ಹಾರ.

"ಇದೇನ್ರೀ ಹಾರ?"

"ಸನ್ಮಾನ ಸ್ವಾಮಿ, ಸನ್ಮಾನ!"

"ಕೆಳಗೆ ‘ನಿಮ್ಮ ಅಗಲಿಕೆಯಿಂದ ದುಃಖತಪ್ತರಾದ’ ಅಂತಿದೆಯಲ್ರೀ! ಇದನ್ನ ಇಟ್ಕೊಂಡು ನನ್ನ ಪಾಲಿಸಿ ನಾನೇ ಕ್ಲೇಮ್ ಮಾಡ್ಕೊಳ್ಳಾ?"

ಅವರಿನ್ನೂ ಮೆಟ್ಟಿಲು ಇಳಿದಿರಲಿಲ್ಲ, ಹೆಂಗಸೊಬ್ಬಳು ಎದೆ ಬಡಿದುಕೊಂಡು ಬಂದಳು. ಬೆಳಿಗ್ಗೆ, ಪೂಜೆಗೂ ಮೊದಲೇ, ಪರೀಕ್ಷೆಗೆಂದು ಮಗಳ ಫೋಟೋವನ್ನು ಆಚಾರಿ ಯಂತ್ರಕ್ಕೆ ಹಾಕಿ, ಗಂಡಿನ ಕಡೆಯವರ ಮೊಬೈಲಿಗೆ ತಾವೇ ಕಳಿಸಿದ್ದರಂತೆ.

"ನಿಮ್ಮ ಕೈ ಸೇದೋಗ! ಬೀಗರು ಅತ್ಕೊಂಡು ಫೋನ್ ಮಾಡವ್ರೆ! ಹುಡುಗಿ ನೋಡಕ್ಕೆ ಯಾವತ್ತು ಬರ್ತೀರಾ ಅಂದ್ರೆ, ಹನ್ನೊಂದನೇ ದಿನ ಯಾವತ್ತು ಬರುತ್ತೆ ಅಂತಾರೆ!"

ಅವಳನ್ನು ಸಾಗಹಾಕಿದ ಮೇಲೆ ವಾರಿಜಾ ಮೆಲ್ಲಗೆ ಕೇಳಿದಳು. "ಮಾವ, ಇದಕ್ಕೆ ಏನು ಕಲಿಸಿದ್ರಿ?"

"ಚೆಂದ ಅಂದ್ರೆ ಯಾವುದು ಅಂತ ಕಲಿಸ್ದೆ. ಜನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋದು ಚೆಂದ ಇರೋ ಫೋಟೋನೇ ತಾನೆ? ನಮ್ಮಲ್ಲಿ ಕಟ್ಟು ಹಾಕಿಸಿದ ಫೋಟೋ ಅಷ್ಟನ್ನೂ ತಿನ್ನಿಸ್ದೆ."

"ಕಟ್ಟು ಹಾಕಿಸೋದು ಸತ್ತೋರದ್ದು ಮಾವ! ಬದುಕಿರೋರನ್ನ ಈ ಊರಲ್ಲಿ ಯಾರು ಗೋಡೆಗೆ ಹಾಕ್ತಾರೆ?"

ಆಚಾರಿ ಗಡ್ಡ ಕೆರೆದುಕೊಂಡರು. "ಸಾಯೋ ತನಕ ಚೆಂದ ಕಾಣದೇ ಇರೋದು ಜನದ ತಪ್ಪು ಕಣೇ. ಯಂತ್ರದ್ದಲ್ಲ!"

"ನನ್ನ ಕ್ಯಾಲೆಂಡರ್ ಫೋಟೋ ಮಾತ್ರ ಇದರ ಹತ್ರ ತರಬೇಡಿ."

ಆಚಾರಿ ಸೂರು ನೋಡಿದರು. ಅವರು ಸೂರು ನೋಡಿದಾಗಲೆಲ್ಲ ಏನೋ ಮುರಿದಿರುತ್ತದೆ.

"ಮಾವ?"

"ಪರೀಕ್ಷೆಗೆ ಅಂತ ನಿನ್ನೆನೇ ಹಾಕಿಬಿಟ್ಟೆ ಕಣವ್ವಾ. ರೂಪರಾಜನಿಂದ ಸೀದಾ ಪ್ರೆಸ್ಸಿಗೇ ಹೋಗೋ ಹಂಗೆ ಮಾಡಿದ್ದೆ. ನಿಂಗೆ ಓಡಾಟ ತಪ್ಪಲಿ ಅಂತ..."

ವಾರಿಜಾ ಚಪ್ಪಲಿ ಮೆಟ್ಟದೆ ಪ್ರೆಸ್ಸಿಗೆ ಓಡಿದಳು. ಎಣ್ಣೆ ವ್ಯಾನುಗಳು ಕ್ಯಾಲೆಂಡರ್ ಹೊತ್ತು ಆಗಲೇ ಹೊರಟುಹೋಗಿದ್ದವು. ಪ್ರೆಸ್ಸಿನ ಗೋಡೆಯ ಮೇಲೊಂದು ತೂಗುತ್ತಿತ್ತು. ಜನವರಿ ಕಂಡಕ್ಟರಮ್ಮನಿಗೆ ಹಾರ, ಫೆಬ್ರವರಿ ಸೂಲಗಿತ್ತಿಗೆ ಹಾರ, ಡಿಸೆಂಬರಿನವರೆಗೂ ಹಾರವೇ ಹಾರ. ಸತ್ತವರಿಗೊಂದು ಹೆಸರು ಬೇಕಲ್ಲ? ಯಂತ್ರ ಹುಡುಕಿತ್ತು. ಫೋಟೋದೊಳಗೆ ಸಿಕ್ಕಿದ್ದು ಒಂದೇ ಹೆಸರು. ಇಂಗ್ಲಿಷಿನದನ್ನು ಕನ್ನಡಕ್ಕೆ ತಿರುಗಿಸಿ, ಬೇಡದ ದೀರ್ಘ ಎಳೆದು, ಪ್ರತಿ ಮುಖದ ಕೆಳಗೂ ಬೂದುಗುಂಬಳದಂಥ ಅಕ್ಷರದಲ್ಲಿ ಬರೆದಿತ್ತು: ದಿ|| ವಾರೀಜಾ.

ಮರುದಿನದಿಂದ ಸ್ಟುಡಿಯೋಕ್ಕೆ ಜನವೋ ಜನ! ವಾರೀಜಾ ಯಾರೆಂದು ವಿಚಾರಿಸಿ, ಫೋಟೋ ತೆಗೆಯುತ್ತಿದ್ದ ಹುಡುಗಿಯಂತೆ ಎಂದು ತಿಳಿದು, ಬಾಳೆಹಣ್ಣು ಹಿಡಿದು ಬಂದರು.

"ಎಂಥಾ ಕೈ ರೀ ಅದು! ನನ್ನ ಮದುವೇಲಿ ನನ್ನನ್ನೇ ನಾನು ಗುರುತು ಹಿಡೀಲಿಲ್ಲ, ಅಷ್ಟು ಚೆಂದ ತೆಗೆದಿತ್ತು," ಎಂದು ಒಬ್ಬಳು ಮೂಗು ಒರೆಸಿಕೊಂಡಳು. ಆ ಮದುವೆಯಲ್ಲಿ ಇವಳೇ, ಫೋಟೋದವಳಿಗೆ ಮೊದಲ ಪಂಕ್ತಿ ಯಾಕೆ ಎಂದು ವಾರಿಜಾಳನ್ನು ಎಲೆಯ ಮುಂದಿನಿಂದ ಎಬ್ಬಿಸಿದ್ದಳು.

"ನಾನೇ ಅಕ್ಕ ವಾರಿಜಾ," ಎಂದಳು ವಾರಿಜಾ.

ಧ್ವನಿ ಸಣ್ಣದು, ಅವರ ಅಳು ದೊಡ್ಡದು. "ನೀನು ಯಾರವ್ವ, ಸಂಬಂಧಿಕಳಾ? ಪಾಪ, ಸೊರಗಿ ಹೋಗಿದ್ದೀಯ. ಒಂದು ಲೋಟ ನೀರು ಕೊಡು."

ಅವಳು ನೀರು ಕೊಟ್ಟಳು. ತನ್ನ ಸಾವಿಗೆ ಬಂದವರಿಗೆಲ್ಲ ತಾನೇ ಚಾಪೆ ಹಾಸಿ, ಕಾಫಿ ಕಾಸಿ, ಬದುಕಿದ್ದಾಗ ಯಾರೂ ಆಡದ ಮಾತುಗಳನ್ನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಳು. ಗುರುತು ಹಿಡಿದವಳು ಕಾಯಿ ಸುಲಿಯುವ ಹೊನ್ನಮ್ಮ ಒಬ್ಬಳೇ.

"ಮುಖ ನಂದು, ಹೆಸರು ನಿಂದು, ಹಾರ ಯಾರ್ದೇ? ನಂದು ಮಾರ್ಚಿ ತಿಂಗಳು. ಅದು ಮುಗಿಯೋ ಗಂಟ ನನ್ನ ಗಂಡ ನಂಗೆ ಕೈ ಮುಗ್ದೇ ಊಟಕ್ಕೆ ಕೂರ್ತಾನಂತೆ. ನಂಗೇನೋ ಒಳ್ಳೇದೇ ಆಯ್ತು, ನಿನ್ನ ಕಥೆ ಹೇಳು!"

ಕಡೆಗೆ ಸಾಹುಕಾರ ಮರುಳಪ್ಪನವರೇ ಬಂದರು. ವಾರಿಜಾ ಮೂಲೆಗೆ ಸರಿದಳು. ಆಚಾರಿ ಕೈ ಹೊಸೆದರು.

"ತಪ್ಪಾಯ್ತು ಸಾವ್ಕಾರ್ರೆ. ಹುಡುಗಿ ಬದುಕಿದಾಳೆ, ಇಗೋ ಇವಳೇ. ನಂಬದಿದ್ರೆ ಈಗ್ಲೇ ರೂಪರಾಜನ ಕೈಲೇ ಹೇಳಿಸ್ತೀನಿ!"

ಬೇಡ ಬೇಡವೆಂದರೂ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಕ್ಲಿಕ್ ಎನ್ನಿಸಿದರು. ಯಂತ್ರ ಗರ್ ಎಂದಿತು, ಕೆಮ್ಮಿತು, ಯೋಚಿಸಿತು. ಅದು ಬಲ್ಲ ವಾರೀಜಾಗೆ ಹನ್ನೆರಡು ಮುಖಗಳಿದ್ದವು. ಇದು ಆ ಪೈಕಿಯದಲ್ಲ. ಚಿತ್ರದಲ್ಲಿ ಅಡ್ಡ ಬಂದ ದಾರಿಹೋಕರನ್ನು ಅಳಿಸುವುದನ್ನೂ ಆಚಾರಿ ಅದಕ್ಕೆ ಕಲಿಸಿದ್ದರು.

"ಚೆಂದ ಆಯ್ತು!"

ಫೋಟೋದಲ್ಲಿ ಸ್ಟೂಲಿತ್ತು, ಹಿಂದಿನ ಪರದೆಯಿತ್ತು, ತೂತು ಬಿದ್ದ ಕೊಡೆಯಿತ್ತು. ಸ್ಟೂಲಿನ ಮೇಲೆ, ಬರೀ ಗಾಳಿಯಲ್ಲಿ, ಒಂದು ಹಾರ ತೂಗುತ್ತಿತ್ತು.

ಸಾಹುಕಾರರು ಫೋಟೋ ನೋಡಿದರು, ವಾರಿಜಾಳನ್ನು ನೋಡಿದರು, ಮತ್ತೆ ಫೋಟೋವನ್ನೇ ನಂಬಿದವರಂತೆ ತಲೆಯಾಡಿಸಿದರು.

"ನೋಡಮ್ಮ, ನನ್ನ ಎಣ್ಣೆ ಈ ಪಾಟಿ ಯಾವತ್ತೂ ಖರ್ಚಾಗಿರ್ಲಿಲ್ಲ. ಕಾಲವಾದ ಹೆಣ್ಣುಮಗಳ ಕೊನೇ ಕೆಲಸ ಅಂತ ಜನ ಕ್ಯಾಲೆಂಡರಿಗೋಸ್ಕರ ಎಣ್ಣೆ ತಗೋತಾವ್ರೆ. ಈಗ ನೀನು ಬದುಕಿದೀಯ ಅಂದ್ರೆ ನಂದು ಮೋಸ ಅಂತಾರೆ. ಮುಂದಿನ ವರ್ಷಾನೂ ಫೋಟೋ ನೀನೇ ತೆಗಿ, ಹೆಸರೂ ಇಷ್ಟೇ ದಪ್ಪಕ್ಕೆ ಹಾಕಿಸ್ತೀನಿ. ಆದ್ರೆ ‘ದಿ||’ ಇರಬೇಕು. ಬೇಡ ಅಂದ್ರೆ ಮೌನೇಶ್ ಸ್ಟುಡಿಯೋ ಅಂತಲೇ ಹಾಕಿಸೋದು. ನಂಗೇನು?"

ಆಚಾರಿ ಆಸೆಯಿಂದ ಸೂರು ನೋಡಿದರು.

ವಾರಿಜಾ ಫೋಟೋದಲ್ಲಿ ಗಾಳಿಯಲ್ಲಿ ತೂಗುತ್ತಿದ್ದ ಹಾರವನ್ನು ನೋಡಿದಳು. ಆಮೇಲೆ ಸಾಹುಕಾರರ ಎದುರು ಮೊಟ್ಟಮೊದಲ ಸಲ ಬಾಯಿ ಬಿಟ್ಟಳು.

"‘ದಿ||’ ಇರ್ಲಿ ಸಾವ್ಕಾರ್ರೆ. ‘ರಿ’ಗೆ ದೀರ್ಘ ಮಾತ್ರ ಬೇಡ."

"ಇರ್ಲಿ ಬಿಡೆ," ಎಂದರು ಆಚಾರಿ, "ಹೆಸರಲ್ಲಿ ದೀರ್ಘ ಇದ್ರೆ ಆಯಸ್ಸು!"

"ಸತ್ತೋಳಿಗೆ ಯಾಕೆ ಮಾವ?" ಎಂದು ವಾರಿಜಾ ಕೊಡೆಯ ತೂತಿಗೆ ತೇಪೆ ಹಚ್ಚಲು ಕೂತಳು.