ಬಾಲಿಗಂಜಿನ ಜರ್ಮನಿ

ನನ್ನ ಸೋದರಮಾವ ಭಾರತ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಅವರಿಗೆ ಪಾಸ್‌ಪೋರ್ಟೇ ಇರಲಿಲ್ಲ. ಆದರೂ ಅವರು ಒಮ್ಮೆ ಜರ್ಮನಿಯನ್ನು ಎತ್ತಿ ತಂದು ಕಲ್ಕತ್ತೆಯ ಬಾಲಿಗಂಜಿನ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಇಟ್ಟಿದ್ದರು! ನಂಬುವುದಿಲ್ಲವೇ? ನಾನು ಆ ಜರ್ಮನಿಯಲ್ಲಿ ಕೆಲವು ದಿನ ವಾಸವಾಗಿದ್ದೆ. ಅಲ್ಲಿ ಬಹಳ ಸೆಕೆ.

ಮಾವ ಮೈಸೂರಿನ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿ, ಮೀಸೆ ಸರಿಯಾಗಿ ಬರುವ ಮುಂಚೆಯೇ ಕಲ್ಕತ್ತೆ ಸೇರಿದವರು. ದೇಶದ ಹುಡುಗ ಹುಡುಗಿಯರೆಲ್ಲ ಕಂಪ್ಯೂಟರ್ ಕೆಲಸಕ್ಕೆಂದು ಬೆಂಗಳೂರಿಗೆ ಮುಗಿಬಿದ್ದಿದ್ದ ಕಾಲದಲ್ಲಿ ನನ್ನ ಕಂಪನಿ ನನ್ನನ್ನು ಬೆಂಗಳೂರಿನಿಂದ ಕಿತ್ತು ಕಲ್ಕತ್ತೆಗೆ ಹಾಕಿತು. ಮಾವನ ಮನೆಯಲ್ಲೇ ಉಳಿದುಕೊಂಡೆ. ಬಾಗಿಲು ತೆಗೆದರೆ ಏನಿತ್ತು ಗೊತ್ತೇ? ಬೆಂಗಳೂರು! ಹೊಸ್ತಿಲಲ್ಲಿ ರಂಗೋಲಿ, ಗೋಡೆಗೆ ಕನ್ನಡ ಕ್ಯಾಲೆಂಡರು, ಒಲೆಯ ಮೇಲೆ ದೋಸೆ.

“ಮಾವ, ನಾನು ಈ ಊರಿನ ಲೂಚಿ, ಆಲೂ ದಮ್ ತಿನ್ನೋಣ ಅಂತ ಆಸೆಯಿಂದ ಬಂದೆ” ಎಂದೆ.

“ಮೊದಲನೇ ವಾರ ದೋಸೆ” ಎಂದರು ಮಾವ. “ಲೂಚಿ ಎಲ್ಲೂ ಓಡಿ ಹೋಗಲ್ಲ ಪುಟ್ಟಿ.”

ಇದು ಅವರ ಪದ್ಧತಿ. ಮನೆಗೆ ಯಾರೇ ಬಂದರೂ ಅವರು ಬಿಟ್ಟುಬಂದ ಊರನ್ನು ಮಾವ ಮನೆಯಲ್ಲಿ ಸಿದ್ಧಪಡಿಸಿ ಇಡಬೇಕು. ಧಾರವಾಡದ ಸ್ನೇಹಿತರು ಬಂದಾಗ ಊರೆಲ್ಲ ಅಲೆದು ಜೋಳದ ಹಿಟ್ಟು ತಂದು, ಸ್ವತಃ ರೊಟ್ಟಿ ತಟ್ಟಿದ್ದರಂತೆ. ಸ್ನೇಹಿತರು ಅದನ್ನು ಮುರಿಯಲು ಮೊಣಕಾಲು ಬಳಸಿದರು ಎನ್ನುವುದು ಅತ್ತೆಯ ವರದಿ. “ಯಾಕೆ ಹೀಗೆ?” ಎಂದು ಕೇಳಿದರೆ ಮಾವ ಕನ್ನಡಕ ಒರೆಸುತ್ತಿದ್ದರು.

ಈಗ ಪಲ್ಲವಿಯ ವಿಷಯಕ್ಕೆ ಬರಬೇಕು. ಪಲ್ಲವಿ ಮಾವನ ಒಬ್ಬಳೇ ಮಗಳು, ಆಗ ಒಂಬತ್ತನೇ ಕ್ಲಾಸು. ಕಲ್ಕತ್ತೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಮಾತು ಶುರು ಮಾಡಿ ಅರ್ಧ ದಾರಿಯಲ್ಲಿ ಇಂಗ್ಲಿಷಿನ ಬಸ್ಸು ಹತ್ತುತ್ತಿದ್ದಳು. ಮೊಸರನ್ನ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. “ಅದು ಪೇಷೆಂಟ್ಸ್ ತಿನ್ನೋದು ಅಪ್ಪಾ” ಎಂದು ತಟ್ಟೆ ಸರಿಸುತ್ತಿದ್ದಳು.

ನೆಲಮಹಡಿಯ ಬಂಗಾಳಿ ಅಜ್ಜಿಗೆ, ಅಂದರೆ ಇಡೀ ಕಟ್ಟಡದ ಮಾಶಿಮಾಗೆ, ಪ್ರತಿ ಮಳೆಗಾಲದಲ್ಲೂ ಒಂದು ಕಾಟ. ರಸ್ತೆಯ ನೀರು ಸದ್ದಿಲ್ಲದೆ ಒಳಗೆ ಬಂದು ಮಂಚದ ಕೆಳಗಿನ ಪೆಟ್ಟಿಗೆಗಳನ್ನು ತೇಲಿಸಿಬಿಡುತ್ತಿತ್ತು. ಪಲ್ಲವಿ ಒಂದು ಥರ್ಮೋಕೋಲ್ ತುಂಡು, ಎರಡು ತಂತಿ, ಬ್ಯಾಟರಿ, ಹಳೇ ಸ್ಕೂಟರಿನ ಹಾರ್ನು ಸೇರಿಸಿ, ನೀರು ಏರಿದರೆ ಕಿರುಚುವ ಯಂತ್ರ ಮಾಡಿದಳು. ಶಾಲೆಯಲ್ಲಿ ಬಹುಮಾನ ಬಂತು. ರಾಜ್ಯಮಟ್ಟದ ವಿಜ್ಞಾನ ಪ್ರದರ್ಶನದಲ್ಲೂ ಬಂತು. ಮಾವನಿಗೆ ಹೆಮ್ಮೆಯಾಯಿತು ಎಂದರೆ ತೀರಾ ಸಣ್ಣ ಮಾತು. ಅವರು ಬೆರಗಾಗಿ ಹೋದರು! ಒಂದು ಯಂತ್ರ ಮಾಶಿಮಾ ಮನೆಗೆ ಹೋಯಿತು. ಇನ್ನೊಂದನ್ನು ಮಾಡಿಸಿಕೊಂಡು ಮಾವ ನಮ್ಮ ಬಚ್ಚಲಿನ ಬಕೆಟ್ಟಿಗೆ ಕಟ್ಟಿದರು. ಬಕೆಟ್ ತುಂಬಿದಾಗಲೆಲ್ಲ ಸ್ಕೂಟರೊಂದು ಮನೆಯೊಳಗೆ ನುಗ್ಗಿದಂತೆ ಹಾರ್ನು. ಮೊದಲ ದಿನ ಎದುರು ಮನೆಯವರು ಪಕ್ಕಕ್ಕೆ ಸರಿದು ನಿಂತರಂತೆ. ಮಾವ ಮಾತ್ರ ಪ್ರತಿ ಸಲವೂ ಕಣ್ಣರಳಿಸಿ, “ಕೇಳಿದ್ರಾ? ನಮ್ಮ ಹುಡುಗೀದು!” ಎನ್ನುತ್ತಿದ್ದರು.

ಆ ಬಹುಮಾನದಿಂದಲೇ ಪಲ್ಲವಿಗೆ ಜರ್ಮನಿಯ ಅವಕಾಶ ಬಂದದ್ದು. ಅವಳ ಶಾಲೆಗೂ ಅಲ್ಲಿನ ಒಂದು ಶಾಲೆಗೂ ವಿದ್ಯಾರ್ಥಿ ವಿನಿಮಯ. ಮೊದಲು ಅಲ್ಲಿಯ ಮಕ್ಕಳು ಬಂದು ಇಲ್ಲಿಯ ಮಕ್ಕಳ ಮನೆಯಲ್ಲಿ ಇರಬೇಕು. ಮುಂದಿನ ಬೇಸಿಗೆಗೆ ಇಲ್ಲಿಯವರು ಅಲ್ಲಿಗೆ. ಆದರೆ ಒಂದು ನಿಯಮವಿತ್ತು. ಬಂದ ಮಗು ‘ಈ ಮನೆ ಬೇಡ, ಬೇರೆ ಮನೆ ಕೊಡಿ’ ಎಂದರೆ, ಆ ಬೇರೆ ಮನೆಯ ಮಗುವೇ ಜರ್ಮನಿಗೆ ಹೋಗುತ್ತದೆ. ಕಾಯುವವರ ಸಾಲಿನಲ್ಲಿ ಮೊದಲು ನಿಂತಿದ್ದವಳ ಮನೆಯಲ್ಲಿ ಪ್ರತಿ ಕೋಣೆಗೂ ಏಸಿ. ನಮ್ಮ ಮನೆಯಲ್ಲಿ ಏಸಿ ಇರಲಿಲ್ಲ. ಮಾವ ಇದ್ದರು!

ಪಲ್ಲವಿ ಊಟ ನಿದ್ದೆ ಬಿಟ್ಟು ಭೂಪಟ ನೋಡತೊಡಗಿದಳು. ಮಾವ ಜರ್ಮನಿ ಕಟ್ಟತೊಡಗಿದರು.

ನನ್ನ ಆಫೀಸಿನ ಪ್ರಾಜೆಕ್ಟು ಜರ್ಮನಿಯ ಗಿರಾಕಿಯದ್ದು. ಅಷ್ಟೇ ಸಾಕಾಯಿತು, ಮನೆಯಲ್ಲಿ ಆ ದೇಶದ ವಿಷಯಕ್ಕೆ ನಾನೇ ಪಂಡಿತೆ.

“ಅವರು ಹೇಗಿರ್ತಾರೆ ಪುಟ್ಟಿ?”

“ಗೊತ್ತಿಲ್ಲ ಮಾವ, ಫೋನಲ್ಲಿ ಮಾತ್ರ ಮಾತಾಡೋದು. ಹೇಳಿದ ಟೈಮಿಗೆ ಸರಿಯಾಗಿ ಬರ್ತಾರೆ. ಉಳಿದಂತೆ ಸುಮ್ಮನಿರ್ತಾರೆ.”

“ಸುಮ್ಮನಿರ್ತಾರೆ” ಎಂದು ಮಾವ ಪಾಠ ಒಪ್ಪಿಸುವವರಂತೆ ತಮಗೆ ತಾವೇ ಹೇಳಿಕೊಂಡರು.

ಎಸ್ಪ್ಲನೇಡಿನ ಪೇಟೆಗೆ ಹೋಗಿ ಫೋರ್ಕು, ಚಾಕು, ಇಟ್ಟಿಗೆಯಂಥ ಕಂದು ಬ್ರೆಡ್ಡು ತಂದರು. ದಪ್ಪ ರಜಾಯಿ ತಂದರು. ಅತ್ತೆ ತಲೆ ಚಚ್ಚಿಕೊಂಡರು. “ರೀ, ಪೂಜೆ ಹತ್ತಿರ ಬಂತು, ಮೈಯೆಲ್ಲ ನೀರಾಗಿ ಹರೀತಿದೆ, ರಜಾಯಿ ಯಾರ ತಲೆಗೆ?”

“ಅಲ್ಲಿ ಚಳಿ ಕಣೇ!”

“ಅಲ್ಲಿ ಅಲ್ವಾ?”

ದುರ್ಗಾಪೂಜೆಗೆ ನಮ್ಮ ಬೀದಿಯಲ್ಲಿ ಪೆಂಡಾಲ್ ಏಳುತ್ತಿತ್ತು. ಆ ವರ್ಷ ಯಾವುದೋ ವಿದೇಶಿ ಅರಮನೆ. ಬಿದಿರು, ಬಟ್ಟೆಯಲ್ಲಿ ಗೋಪುರ ಕಟ್ಟುತ್ತಿದ್ದ ಕೆಲಸಗಾರರನ್ನು ಮಾವ ಪುಸಲಾಯಿಸಿ ಮೇಲೆ ಕರೆತಂದರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ನಡುಮನೆಯ ಗೋಡೆಗೆ ಬಟ್ಟೆಯ ಅಗ್ಗಿಷ್ಟಿಕೆ! ಒಳಗೆ ಕೆಂಪು ಬಲ್ಬು, ಪುಟ್ಟ ಫ್ಯಾನು, ಫ್ಯಾನಿನ ಗಾಳಿಗೆ ನಾಲಗೆ ಚಾಚುವ ಕಾಗದದ ಬೆಂಕಿ. ನಾನು ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ನಗಬೇಕಿತ್ತು, ನಗು ಬರಲಿಲ್ಲ. ಸುಡದ ಬೆಂಕಿ ಅಷ್ಟು ಚೆನ್ನಾಗಿ ಉರಿಯುವುದನ್ನು ನಾನು ಎಲ್ಲೂ ನೋಡಿರಲಿಲ್ಲ. (ಬಲ್ಬು ಕಿತ್ತಳೆ ಬಣ್ಣದ್ದು ಎನ್ನುತ್ತಾಳೆ ಪಲ್ಲವಿ. ಇರಬಹುದು. ನನ್ನ ನೆನಪು ಬೇಕಾದ ಕಡೆ ತಾನೇ ಬಣ್ಣ ಬಳಿದುಕೊಳ್ಳುವ ಜಾತಿಯದು. ಮಾವನ ವಿಷಯದಲ್ಲಿ ಮಾತ್ರ ಅದಕ್ಕೆ ಉತ್ಪ್ರೇಕ್ಷೆ ಮಾಡುವ ಕೆಲಸವೇ ಸಿಕ್ಕಿಲ್ಲ.)

ಜರ್ಮನಿಯಿಂದ ಯೂಲಿಯಾ ಬಂದಳು. ಉದ್ದನೆಯ ಹುಡುಗಿ, ಮೂಗಿನ ಮೇಲೆಲ್ಲ ಕಂದು ಚುಕ್ಕೆ, ಎಲ್ಲವನ್ನೂ ನೋಡುವ ಕಣ್ಣು. ಅಗ್ಗಿಷ್ಟಿಕೆಯನ್ನು ನೋಡಿದಳು. ಫ್ಯಾನನ್ನು ನೋಡಿದಳು. ಪಲ್ಲವಿಯನ್ನು ನೋಡಿದಳು. ಪಲ್ಲವಿ ನೆಲ ನೋಡಿದಳು.

ಬೆಳಿಗ್ಗೆ ಕಂದು ಬ್ರೆಡ್ಡು, ಮಧ್ಯಾಹ್ನ ಬೇಯಿಸಿದ ಆಲೂಗಡ್ಡೆ, ರಾತ್ರಿ ಬೇಯಿಸಿದ ಆಲೂಗಡ್ಡೆಯ ಜೊತೆಗೆ ಕಂದು ಬ್ರೆಡ್ಡು. ಅತ್ತೆ ಒಗ್ಗರಣೆಗೆ ಸಾಸಿವೆ ತೆಗೆದರೆ ಮಾವ ಡಬ್ಬಿ ಮುಚ್ಚುತ್ತಿದ್ದರು. ಮನೆಯಲ್ಲಿ ಎಲ್ಲರೂ ಪಿಸುಮಾತು. ಬಕೆಟ್ಟಿನ ಹಾರ್ನಿನ ತಂತಿಯನ್ನೂ ಬಿಚ್ಚಿಟ್ಟರು. ಅವರಿಗೆ ಅದು ಎಷ್ಟು ಕಷ್ಟವಾಗಿರಬೇಕು! ಎಲ್ಲಕ್ಕಿಂತ ದೊಡ್ಡ ಪವಾಡ ಮೀನಿನವನದು. ಆಚೆ ಬೀದಿಗೂ ಕೇಳುವಂತೆ ಕೂಗುತ್ತಿದ್ದ ಆಸಾಮಿ ನಮ್ಮ ಬೀದಿಗೆ ಬಂದೊಡನೆ ತುಟಿಯ ಮೇಲೆ ಬೆರಳಿಟ್ಟು, ಸಾವಿನ ಮನೆಗೆ ಬಂದವನಂತೆ ಹೆಜ್ಜೆ ಹಾಕುತ್ತಿದ್ದ. ಮಾವ ಅವನಿಗೆ ಏನು ಹೇಳಿದ್ದರೋ, ಇಂದಿಗೂ ತಿಳಿದಿಲ್ಲ. ರಾಜ್ಯ ಆಳುವವರಿಗೂ ಇಂಥ ಶಕ್ತಿ ಇರುವುದಿಲ್ಲ.

ಯೂಲಿಯಾ ಮಾತ್ರ ದಿನೇ ದಿನೇ ಬಾಡತೊಡಗಿದಳು. ಸಂಜೆ ಕಿಟಕಿಗೆ ಹಣೆ ಒತ್ತಿ, ಕೆಳಗಿನ ಢಾಕಿಗಳ ಡೋಲಿನ ಅಭ್ಯಾಸವನ್ನು ಕದ್ದು ಕೇಳುತ್ತಿದ್ದಳು. ಮಾಶಿಮಾ ಮನೆಯಿಂದ ಎಣ್ಣೆಯ ವಾಸನೆ ಬಂದರೆ ಅವಳ ಮೂಗು ತಾನಾಗಿ ಆ ಕಡೆ ತಿರುಗುತ್ತಿತ್ತು. ಕೊನೆಗೊಂದು ದಿನ ಶಾಲೆಯಿಂದ ಫೋನು. ವಿನಿಮಯದ ಉಸ್ತುವಾರಿಯ ಟೀಚರು. ಹುಡುಗಿ ಬೇರೆ ಮನೆಗೆ ಹೋಗಬಹುದೇ ಎಂದು ಕೇಳಿದ್ದಾಳಂತೆ. ಸಂಜೆ ತಾವೇ ಬಂದು ಮನೆ ನೋಡಿ ತೀರ್ಮಾನ ಮಾಡುತ್ತಾರಂತೆ.

ಪಲ್ಲವಿ ಅಪ್ಪನ ಎದುರು ನಿಂತಳು. “ಅಪ್ಪಾ, ಅವಳು ನಮ್ಮನ್ನ ನೋಡಕ್ಕೆ ಬಂದಿರೋದು. ನೀನು ಅವಳ ಮನೇನೇ ಅವಳಿಗೆ ತೋರಿಸ್ತಿದೀಯ! ದಿಸ್ ಈಸ್ ನಾಟ್ ಫೇರ್. ನನ್ನ ಟ್ರಿಪ್ ಹೋಯ್ತು.”

ಮಾವ ಕನ್ನಡಕ ಒರೆಸಿದರು.

ಸಂಜೆ ಟೀಚರು ಬಂದು ಅಗ್ಗಿಷ್ಟಿಕೆಯ ಮುಂದೆಯೇ ಕುಳಿತರು. ಹತ್ತಿಯ ಸೀರೆ, ದೊಡ್ಡ ಬೊಟ್ಟು, ಹಣೆಯ ಮೇಲೆ ಬೆವರು. ಅತ್ತೆ ಟೀ ತಂದರು. ಯೂಲಿಯಾ ಒಂದು ಮೂಲೆ, ಪಲ್ಲವಿ ಇನ್ನೊಂದು ಮೂಲೆ. ಆಗ ಬಚ್ಚಲಿನಿಂದ ಸ್ಕೂಟರು ನುಗ್ಗಿತು!

ಬಿಚ್ಚಿಟ್ಟ ತಂತಿಯನ್ನು ಮತ್ತೆ ಕಟ್ಟಿದವರು ಯಾರು? ಪಲ್ಲವಿ ತಾನಲ್ಲ ಎನ್ನುತ್ತಾಳೆ. ಅತ್ತೆ, ಮಗಳ ಯಂತ್ರದ ಸದ್ದಿಲ್ಲದೆ ಇರಲಾರದೆ ಮಾವನೇ ಕಟ್ಟಿರಬೇಕು ಎನ್ನುತ್ತಾರೆ. ನನಗೆ ಎರಡೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ, ಆದ್ದರಿಂದ ಎರಡನ್ನೂ ನಂಬುವುದಿಲ್ಲ. ನಡೆದದ್ದು ಇಷ್ಟು: ಮಾವ ಹಾರಿ ಎದ್ದು ಓಡಿದರು, ಜಾರಿದರು, ಬಕೆಟ್ ಹಿಡಿದುಕೊಂಡರು, ಬಕೆಟ್ಟಿನ ಸಮೇತ ಬಿದ್ದರು. ನೀರು ನಡುಮನೆಗೆ ಹರಿದು ಅಗ್ಗಿಷ್ಟಿಕೆಯ ಬುಡ ಮುಟ್ಟಿತು. ಫಟ್ ಎಂದು ಫ್ಯೂಸ್ ಹೋಯಿತು. ಬಟ್ಟೆಯ ಇಟ್ಟಿಗೆಗಳು ನಿಧಾನವಾಗಿ ಬಾಗಿ ಟೀಚರ ಮಡಿಲಲ್ಲಿ ಮಲಗಿದವು. ಹೀಗೆ ಜರ್ಮನಿ ಮುಳುಗಿತು.

ಹಾರ್ನು ಕೇಳಿ ಮಾಶಿಮಾ ತಮ್ಮ ಮನೆಗೇ ನೀರು ಬಂತೆಂದು ಕಿರುಚುತ್ತಾ ಮೇಲೆ ಬಂದರು. ಎದುರು ಮನೆಯವರು ಬಂದರು. “ಕೀ ಹೋಲೋ? ಕೀ ಹೋಲೋ?” ಎಲ್ಲರೂ ಏನಾಯಿತು ಏನಾಯಿತು ಎಂದು ಕೇಳುವವರೇ. ಮೆಟ್ಟಿಲಲ್ಲಿ ನಿಂತು ಮೀನಿನವನು ಅಷ್ಟು ದಿನ ನುಂಗಿಟ್ಟುಕೊಂಡಿದ್ದ ಗಂಟಲನ್ನೆಲ್ಲ ಒಮ್ಮೆಗೇ ತೆರೆದ. ಆ ಗದ್ದಲದ ನಡುವೆ ನಗು ಕೇಳಿತು. ಯೂಲಿಯಾ! ಪ್ಯಾಂಟು ಮಡಚಿ, ಪೊರಕೆ ಹಿಡಿದು, ಪಲ್ಲವಿಯ ಜೊತೆ ನೀರು ತಳ್ಳುತ್ತಾ ನಗುತ್ತಿದ್ದಳು. ಆಮೇಲೆ ಬಕೆಟ್ಟಿನ ಮುಂದೆ ಕೂತು ಯಂತ್ರವನ್ನು ಮುಟ್ಟಿ ಮುಟ್ಟಿ ನೋಡಿದಳು. “ಇದನ್ನು ನೀನು ಮಾಡಿದ್ದಾ? ನೀನೇನಾ?” ಇಷ್ಟು ದಿನ ಇದನ್ನು ಯಾಕೆ ಬಚ್ಚಿಟ್ಟಿದ್ದಿರಿ ಎಂದು ಮಾವನನ್ನು ಕೇಳಿದಳು.

ಅತ್ತೆ ಯಾರ ಅಪ್ಪಣೆಗೂ ಕಾಯದೆ ಸಾಸಿವೆ ಸಿಡಿಸಿ ಚಿತ್ರಾನ್ನ ಕಲಸಿದರು. ಮೇಣದ ಬತ್ತಿಯ ಬೆಳಕಿನಲ್ಲಿ, ಅಡುಗೆಮನೆಯ ನೆಲದ ಮೇಲೆ, ಟೀಚರೂ ಸೇರಿ ಎಲ್ಲರೂ ಕೈಯಲ್ಲಿ ತಿಂದೆವು. ಒದ್ದೆ ಪಂಚೆಯ ಮಾವ ಗೋಡೆಗೆ ಒರಗಿ ಕೂತಿದ್ದರು. ಯೂಲಿಯಾ ಕೇಳಿದಳು, ನಾವು ಎಷ್ಟೋ ವರ್ಷ ಕೇಳಿ ಸೋತ ಪ್ರಶ್ನೆ. “ಯಾಕೆ ಹೀಗೆ ಮಾಡಿದಿರಿ?”

ಮಾವ ತಮ್ಮ ಕಚೇರಿ ಇಂಗ್ಲಿಷಿನಲ್ಲಿ ಹೇಳಿದರು. ಈ ಊರಿಗೆ ಬಂದ ಹೊಸದರಲ್ಲಿ ಭಾಷೆ ಬಾರದು, ಊಟ ಸೇರದು. ರಾಜೀನಾಮೆ ಕೊಟ್ಟು ಹೊರಟುಬಿಡೋಣ ಎಂದುಕೊಂಡಿದ್ದರಂತೆ. ಬಾಡಿಗೆ ಕೋಣೆಯ ಒಡತಿ ದಕ್ಷಿಣದವರು ಮೊಸರನ್ನ ತಿನ್ನುತ್ತಾರೆಂದು ಎಲ್ಲೋ ಕೇಳಿ ಬಂದು, ತಾನೇ ಮಾಡಿ ತಂದಿಟ್ಟಳು. ಬಂಗಾಳದ ಸಿಹಿ ಮೊಸರು, ಅದಕ್ಕೆ ಸಾಸಿವೆ ಎಣ್ಣೆಯ ಒಗ್ಗರಣೆ!

“ಹೇಗಿತ್ತು?” ಎಂದಳು ಯೂಲಿಯಾ.

“ಟೆರಿಬಲ್” ಎಂದರು ಮಾವ. “ಐ ಫಿನಿಶ್ಡ್ ಇಟ್. ಐ ಸ್ಟೇಯ್ಡ್.”

ಟೀಚರು ಕೈ ತೊಳೆದು, “ಹಾಗಾದರೆ ಯೂಲಿಯಾ, ನಿನ್ನ ಪೆಟ್ಟಿಗೆ?” ಎಂದರು. ಯೂಲಿಯಾ ಬಾಯಿ ತುಂಬ ಚಿತ್ರಾನ್ನ ಇಟ್ಟುಕೊಂಡು ಇಲ್ಲವೆಂದು ತಲೆಯಾಡಿಸಿದಳು. ಪೂಜೆಯ ದಿನಗಳಲ್ಲಿ ಪಲ್ಲವಿ, ಅವಳು, ಇಬ್ಬರೂ ಪೆಂಡಾಲಿನಿಂದ ಪೆಂಡಾಲಿಗೆ ಅಲೆದು ಕಾಲಲ್ಲಿ ಬೊಬ್ಬೆ ಬರಿಸಿಕೊಂಡರು.

ಬೇಸಿಗೆಯಲ್ಲಿ ಪಲ್ಲವಿ ಜರ್ಮನಿಗೆ ಹೋದಳು, ನಿಜವಾದದ್ದಕ್ಕೆ. ಅವಳು ತಲುಪಿದ ಮಾರನೇ ದಿನ ಭಾನುವಾರ. ಬೆಳಗಿನ ತಿಂಡಿ ಮುಗಿದು, ಮಾವ ಬಚ್ಚಲಿನ ನಲ್ಲಿ ಬಿಟ್ಟು ಬಂದು ಕೂತಿದ್ದಾಗ ಫೋನು ಬಂತು. ನಾನು ಸ್ಪೀಕರ್ ಒತ್ತಿದೆ.

“ಅಪ್ಪಾ, ನಿನ್ನೆ ಡಿನ್ನರ್‌ಗೆ ಏನು ಕೊಟ್ರು ಗೊತ್ತಾ? ಮೊಸರನ್ನ! ಯೂಲಿಯಾ ಅವರಮ್ಮಂಗೆ ನಿನ್ನ ಸ್ಟೋರಿ ಹೇಳಿದ್ಲಂತೆ. ಅವರ ಮನೇಲಿ ಸ್ಟ್ರಾಬೆರಿ ಮೊಸರು ಮಾತ್ರ ಇತ್ತು. ಪಿಂಕ್ ಅಪ್ಪಾ, ಪಿಂಕ್ ಮೊಸರನ್ನ!”

ಮಾವ ಫೋನಿನ ಹತ್ತಿರ ಬಾಗಿದರು. “ಒಗ್ಗರಣೆ ಹಾಕಿದ್ರಾ?”

“ಬೆಣ್ಣೇಲಿ. ಹಾರಿಬಲ್.”

“ತಿಂದ್ಯಾ?”

“ಎಲ್ಲಾ ತಿಂದೆ ಅಪ್ಪಾ. ಪೂರ್ತಿ.”

ಮಾವ ಎದ್ದರು. “ಬಕೆಟ್ ನೋಡಿ ಬರ್ತೀನಿ” ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನೀರು ಬೀಳುತ್ತಲೇ ಇತ್ತು. ನಲ್ಲಿ ನಿಲ್ಲಲಿಲ್ಲ. ಹಾರ್ನು ಶುರುವಾಯಿತು, ಕಿರುಚಿತು, ಕಿರುಚುತ್ತಲೇ ಇತ್ತು. ನಾನು ಎದ್ದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು.

“ಅಮ್ಮಾ, ಅದು ನನ್ನ ಅಲಾರ್ಮ್ ಅಲ್ವಾ?” ಅಷ್ಟು ದೂರದಿಂದ ಪಲ್ಲವಿ ಕೂಗಿದಳು. “ಯಾಕೆ ಯಾರೂ ಆಫ್ ಮಾಡ್ತಿಲ್ಲ? ಅಪ್ಪ ಎಲ್ಲಿ?”

“ಇದಾರೆ ಕಣೇ” ಎಂದರು ಅತ್ತೆ. “ಅಲ್ಲೇ ಇದಾರೆ. ಅದು ಸ್ವಲ್ಪ ಹೊತ್ತು ಹೊಡ್ಕೊಳ್ಳಲಿ ಬಿಡು.”